ಬುದ್ಧಿಮಾತಿನ ಸಾಹಿತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ನಾಡು ಸುಮೇರಿನ ಜೇಡಿಮಣ್ಣಿನ ಫಲಕಗಳಿಂದ ಹಿಡಿದು ಕಗ್ಗದವರೆಗೆ, ಬದುಕಿನ ಬಗ್ಗೆ ಬುದ್ಧಿ ಹೇಳುವ ಬರಹಗಳಿಗೆ ನಾಲ್ಕೂವರೆ ಸಾವಿರ ವರ್ಷಗಳ ಚರಿತ್ರೆ ಇದೆ. ಇವನ್ನು ಹೊಸದಾಗಿ ಓದಲು ಶುರು ಮಾಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ವಿವೇಕ ಸಾಹಿತ್ಯ ಅಂದರೆ ಯಾವುದು?

ಹೇಗೆ ಬದುಕಬೇಕು ಅಂತ ಹೇಳುವ ಬರಹ, ಮತ್ತು ಬದುಕು ಯಾಕೆ ಹೀಗಿದೆ ಅಂತ ಕೇಳುವ ಬರಹ. ಎರಡೂ ಇದರೊಳಗೆ ಬರುತ್ತವೆ. ಮೊದಲನೆಯದರಲ್ಲಿ ಗಾದೆ, ನೀತಿಪದ್ಯ, ಅಪ್ಪ ಮಗನಿಗೆ ಹೇಳಿದ ಮಾತು, ಪ್ರಾಣಿಕಥೆ ಎಲ್ಲ ಇವೆ. ಎರಡನೆಯದರಲ್ಲಿ ಸಂಕಟಕ್ಕೆ ಸಿಕ್ಕವರ ವಾದ, ಗೆಳೆಯರ ಜಗಳ, ದೇವರ ಮುಂದೆ ಇಟ್ಟ ದೂರು ಇವೆ.

19ನೇ ಶತಮಾನದ ಬೈಬಲ್ ವಿದ್ವಾಂಸರು ಜ್ಞಾನೋಕ್ತಿಗಳು, ಯೋಬ, ಪ್ರಸಂಗಿ ಎಂಬ ಮೂರು ಗ್ರಂಥಗಳನ್ನು ಒಂದು ಗುಂಪು ಮಾಡಿ ಈ ಹೆಸರು ಕೊಟ್ಟರು. ಆಮೇಲೆ ಈಜಿಪ್ಟಿನ ಪಪೈರಸ್ ಸುರುಳಿಗಳನ್ನೂ ಬ್ಯಾಬಿಲೋನಿನ ಫಲಕಗಳನ್ನೂ ಒಂದೊಂದಾಗಿ ಓದಲು ಸಾಧ್ಯವಾಯಿತು. ಅದೇ ಬಗೆಯ ಮಾತು ಅಲ್ಲೂ ಇತ್ತು.

ಓದುವವರಿಗೆ ನನ್ನದೊಂದೇ ಸಲಹೆ, ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಮಾತಿಗೂ ಇದನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆ ಅಂತ ಕೇಳಿ. ಈ ಸಾಹಿತ್ಯದ ಅರ್ಧ ಅರ್ಥ ಅಲ್ಲೇ ಇದೆ.

ಎಲ್ಲಕ್ಕಿಂತ ಹಳೆಯದು ಯಾವುದು?

ಈಗ ನಮ್ಮ ಕೈಲಿರುವುದರಲ್ಲಿ, ಸುಮೇರಿಯನ್ ಭಾಷೆಯ 'ಶುರುಪ್ಪಕನ ಬೋಧನೆ' ತುಂಬ ಹಳೆಯದು. ಇರಾಕಿನ ಅಬು ಸಲಾಬಿಖ್‌ನಲ್ಲಿ ಸಿಕ್ಕ ಫಲಕಗಳು ಹೆಚ್ಚುಕಡಿಮೆ ಕ್ರಿ.ಪೂ. 2600–2500ರ ಕಾಲದವು. ಶುರುಪ್ಪಕ್ ಎಂಬ ಹಿರಿಯ ತನ್ನ ಮಗ ಜಿಯುಸುದ್ರನಿಗೆ ಬುದ್ಧಿ ಹೇಳುತ್ತಾನೆ. ಈ ಜಿಯುಸುದ್ರ ಸುಮ್ನೆ ಯಾರೋ ಅಲ್ಲ. ಸುಮೇರಿಯನ್ನರ ಕಥೆಯಲ್ಲಿ ಮಹಾಪ್ರಳಯದಿಂದ ಬದುಕುಳಿದವನು ಅವನೇ.

ಇಷ್ಟು ಹಳೆಯ ಬರಹದಲ್ಲಿ ದೊಡ್ಡ ತತ್ವ ಇರಬಹುದು ಅಂದುಕೊಂಡು ಹೋದರೆ ಅಲ್ಲಿ ಸಿಗುವುದು ಹೊಲಮನೆಯ ಮಾತು. ಅರಚುವ ಕತ್ತೆಯನ್ನು ಕೊಳ್ಳಬೇಡ. ದಾರಿಯ ಪಕ್ಕ ಹೊಲ ಮಾಡಬೇಡ. ನಿನ್ನ ಹೊಲದಲ್ಲಿ ಬಾವಿ ತೋಡಬೇಡ, ಜನ ಬಂದು ಬೆಳೆ ಹಾಳು ಮಾಡುತ್ತಾರೆ. ಇನ್ನೊಬ್ಬರಿಗೆ ಜಾಮೀನು ನಿಲ್ಲಬೇಡ, ಅವನ ಹಿಡಿತಕ್ಕೆ ಸಿಗುತ್ತೀಯ. ಜಗಳ ನಡೆಯುವ ಕಡೆ ನಿಂತು ನೋಡಬೇಡ, ನಿನ್ನನ್ನೇ ಸಾಕ್ಷಿ ಮಾಡುತ್ತಾರೆ. ಅಣ್ಣ ಅಪ್ಪನ ಸಮಾನ, ಅಕ್ಕ ಅಮ್ಮನ ಸಮಾನ.

ಜಾಮೀನಿನ ಮಾತು ಸಾವಿರಾರು ವರ್ಷ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಒಂದು ವಿಷಯದಲ್ಲಿ ಎಲ್ಲ ಹಿರಿಯರೂ ಪೆಟ್ಟು ತಿಂದವರ ಹಾಗೆಯೇ ಮಾತಾಡುತ್ತಾರೆ.

ಯಾಕೆ ಯಾವಾಗಲೂ ಅಪ್ಪನೇ ಮಗನಿಗೆ ಹೇಳುವುದು?

ಇದನ್ನು ಬರೆದವರು, ನಕಲು ಮಾಡಿದವರು, ಉಳಿಸಿದವರು ಬರಹಗಾರರ ಶಾಲೆಯವರು. ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಹುಡುಗರು. ಗುರು ಅಪ್ಪನ ಜಾಗದಲ್ಲಿ, ಶಿಷ್ಯ ಮಗನ ಜಾಗದಲ್ಲಿ. ಅಕ್ಷರ ತಿದ್ದುವ ಅಭ್ಯಾಸಕ್ಕೆ ಇದೇ ಪಾಠ. ನೂರಾರು ಹುಡುಗರು ಬರೆದ ಕಾರಣಕ್ಕೇ ಎಷ್ಟೋ ಪ್ರತಿಗಳು ನಮ್ಮವರೆಗೆ ಉಳಿದವು.

ಈಜಿಪ್ಟಿನ ಪ್ತಾಹೊಟೆಪ್‌ನನ್ನು ನೋಡಿ. ಕ್ರಿ.ಪೂ. 24ನೇ ಶತಮಾನದ ಸುಮಾರಿನ ರಾಜ ಇಸೆಸಿಯ ಮಂತ್ರಿ ಅವನು. ಬೋಧನೆ ಶುರುವಾಗುವುದೇ ಮುಪ್ಪಿನ ವರ್ಣನೆಯಿಂದ. ಕಣ್ಣು ಮಂಜಾಗಿದೆ, ಕಿವಿ ಕೇಳುವುದಿಲ್ಲ, ನಿನ್ನೆಯದು ನೆನಪಿರುವುದಿಲ್ಲ, ಮೈಯೆಲ್ಲ ನೋವು. ನನ್ನ ಜಾಗಕ್ಕೆ ಮಗನನ್ನು ತಯಾರು ಮಾಡಲು ಅಪ್ಪಣೆ ಕೊಡಿ ಅಂತ ರಾಜನನ್ನು ಕೇಳುತ್ತಾನೆ. ಕಲಿಸು, ಹುಟ್ಟುತ್ತಲೇ ಯಾರೂ ಜಾಣರಲ್ಲ ಅನ್ನುತ್ತಾನೆ ರಾಜ. ಆಮೇಲೆ ಬರುವ ಮೊದಲ ಮಾತೇ, ಕಲಿತಿದ್ದೇನೆ ಅಂತ ಬೀಗಬೇಡ ಎಂಬುದು. ಗೊತ್ತಿಲ್ಲದವನ ಹತ್ತಿರವೂ ಕೇಳು, ಗೊತ್ತಿರುವವನ ಹತ್ತಿರವೂ ಕೇಳು. ಒಳ್ಳೆಯ ಮಾತು ಹಸಿರು ರತ್ನಕ್ಕಿಂತ ಅಪರೂಪ, ಆದರೂ ಬೀಸುಕಲ್ಲಿನ ಮುಂದೆ ಕೂತ ದಾಸಿಯರ ಬಾಯಲ್ಲಿ ಸಿಗುತ್ತದೆ. ಒಬ್ಬ ಮಂತ್ರಿ ಇದನ್ನು ಹೇಳುತ್ತಾನೆ ಅನ್ನುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ.

ಹೆಂಗಸರು ಹೇಳಿದ್ದು ಏನೂ ಇಲ್ಲವಾ?

ಇದೆ, ಕಡಿಮೆ ಇದೆ. ಹುಡುಕಿ ಓದಬೇಕು.

ಬೈಬಲಿನ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯ ಲೆಮೂವೇಲ ಎಂಬ ರಾಜನಿಗೆ ಅವನ ತಾಯಿ ಕಲಿಸಿದ ಮಾತು. ಕುಡಿತ ಬಿಡು, ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಅನ್ನುತ್ತಾಳೆ ಆಕೆ.

ದುವೋದಾ ಎಂಬಾಕೆ ಫ್ರಾನ್ಸಿನ ದಕ್ಷಿಣದ ಉಝೆಸ್ ಊರಿನಲ್ಲಿ 841ರಿಂದ 843ರವರೆಗೆ ಲ್ಯಾಟಿನ್‌ನಲ್ಲಿ ಒಂದು ಕೈಪಿಡಿ ಬರೆದಳು. ಆಕೆಯ ಹದಿನಾರರ ಮಗ ವಿಲಿಯಂ ರಾಜ ಬೋಳುತಲೆಯ ಚಾರ್ಲ್ಸನ ಆಸ್ಥಾನದಲ್ಲಿ ಹೆಚ್ಚುಕಡಿಮೆ ಒತ್ತೆಯಾಳಾಗಿದ್ದ. ಎರಡನೆಯ ಕೂಸನ್ನೂ ಗಂಡ ತರಿಸಿಕೊಂಡಿದ್ದ. ಆ ಕೂಸಿಗೆ ಏನು ಹೆಸರಿಟ್ಟರು ಅನ್ನುವುದೂ ಆಕೆಗೆ ಗೊತ್ತಿರಲಿಲ್ಲ. ಹತ್ತಿರ ಇದ್ದು ಹೇಳಲಾಗದ್ದನ್ನು ಆಕೆ ಪುಸ್ತಕ ಮಾಡಿ ಕಳಿಸಿದಳು. ದೇವರಿಗೆ, ತಂದೆಗೆ, ರಾಜನಿಗೆ ಹೇಗೆ ನಡೆದುಕೊಳ್ಳಬೇಕು, ಏನು ಓದಬೇಕು, ಹೇಗೆ ಪ್ರಾರ್ಥಿಸಬೇಕು ಎಲ್ಲ ಅದರಲ್ಲಿದೆ. ಕೆಲವೇ ವರ್ಷಗಳಲ್ಲಿ ವಿಲಿಯಂನನ್ನು ಕೊಂದರು. ಪುಸ್ತಕ ಉಳಿಯಿತು.

ಕನ್ನಡದಲ್ಲಿ 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದ. ಆಸೆ ಅರಸರಿಗೆ ಇರಬಹುದು, ಶಿವಭಕ್ತರಿಗೆ ಉಂಟೇ ಅಂತ ಕೇಳಿದ ಲಕ್ಕಮ್ಮ, ಹೆಚ್ಚಿನ ಅಕ್ಕಿಯನ್ನು ಇದ್ದಲ್ಲೇ ಸುರಿದು ಬರಲು ಹೇಳಿದಳು. ಇಲ್ಲಿ ಬುದ್ಧಿ ಹೇಳುವವಳು ಹೆಂಡತಿ, ಕೇಳುವವನು ಗಂಡ. ಇಬ್ಬರೂ ದುಡಿದು ತಿನ್ನುವವರು. ಪ್ತಾಹೊಟೆಪ್‌ನ ಆಸ್ಥಾನಕ್ಕೂ ಈ ಮನೆಗೂ ಎಷ್ಟು ಅಂತರ ಇದೆ, ನೋಡಿ.

17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಹೆಚ್ಚಿನ ಪದ್ಯಗಳು ಪತಿವ್ರತೆಯ ಕರ್ತವ್ಯದ ಬಗ್ಗೆ. ನಡುವೆ, ನಿಮ್ಮನ್ನೆಲ್ಲ ಹೆತ್ತ ತಾಯಿ ಹೆಣ್ಣಲ್ಲವೇ, ಹೆಣ್ಣು ಹೆಣ್ಣು ಅಂತ ಯಾಕೆ ಹೀಗಳೆಯುತ್ತೀರಿ ಅಂತ ಆಕೆ ಕೇಳುವ ಪದ್ಯ ಇದೆ. ಇವತ್ತಿಗೂ ಜನರ ನಾಲಿಗೆಯ ಮೇಲೆ ಇರುವುದು ಅದೇ ಪದ್ಯ.

ಮಗ ಎಂದಾದರೂ ತಿರುಗಿ ಮಾತಾಡಿದ್ದಾನಾ?

ಒಬ್ಬ ಮಾತಾಡಿದ್ದಾನೆ. ಈ ಇಡೀ ಸಾಹಿತ್ಯದಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದು.

ಈಜಿಪ್ಟಿನ 'ಅನಿಯ ಬೋಧನೆ' ಹೊಸ ಸಾಮ್ರಾಜ್ಯ ಕಾಲದ್ದು, ಅಂದರೆ ಮೂರು ಸಾವಿರ ವರ್ಷಗಳಿಗೂ ಹಿಂದಿನದು. ಅನಿ ಸಾಧಾರಣ ದರ್ಜೆಯ ಬರಹಗಾರ. ಅವನು ತಾಯಿಯ ಬಗ್ಗೆ ಹೇಳುವ ಮಾತು ಓದಿದರೆ ಕಣ್ಣು ತೇವವಾಗುತ್ತದೆ. ಅಮ್ಮ ಕೊಟ್ಟ ಅನ್ನಕ್ಕೆ ಎರಡರಷ್ಟು ಅವಳಿಗೆ ಕೊಡು. ಮೂರು ವರ್ಷ ಹಾಲೂಡಿಸಿದಳು, ನಿನ್ನ ಹೊಲಸು ಬಳಿದಾಗ ಅಸಹ್ಯಪಡಲಿಲ್ಲ. ನೀನು ಶಾಲೆಯಲ್ಲಿ ಬರೆಯಲು ಕಲಿಯುವಾಗ ದಿನಾ ಮನೆಯಿಂದ ರೊಟ್ಟಿ, ಬಿಯರು ಹೊತ್ತು ತಂದು ಕಾದಳು. ಅವಳು ನಿನ್ನ ಮೇಲೆ ದೂರಿ ದೇವರಿಗೆ ಕೈ ಎತ್ತುವ ಹಾಗೆ ಮಾಡಬೇಡ.

ಇಂಥ ಮಾತೆಲ್ಲ ಮುಗಿದ ಮೇಲೆ ಮಗ ಖೋನ್ಸುಹೊಟೆಪ್ ಬಾಯಿ ತೆರೆಯುತ್ತಾನೆ. ನಾನೂ ನಿನ್ನಷ್ಟು ಕಲಿತವನಾಗಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ. ಆದರೆ ಪುಸ್ತಕದ ಮಾತು ನಾಲಿಗೆಯ ಮೇಲೆ ಇದ್ದ ಮಾತ್ರಕ್ಕೆ ಹುಡುಗ ಹಾಗೆ ನಡೆಯುವುದಿಲ್ಲ. ನಿನ್ನ ಮಾತು ನನಗೆ ಭಾರ, ನನ್ನ ಅಳತೆಗೆ ತಕ್ಕಷ್ಟು ಹೇಳು.

ಅನಿಗೆ ಸಿಟ್ಟು ಬರುತ್ತದೆ. ಕಾಡುಹೋರಿ ಪಳಗುತ್ತದೆ, ಸಿಂಹ ಸಿಟ್ಟು ಬಿಡುತ್ತದೆ, ಕುದುರೆ ನೊಗಕ್ಕೆ ಬರುತ್ತದೆ, ನಾಯಿ ಹೇಳಿದ ಮಾತು ಕೇಳುತ್ತದೆ, ನಿನಗೇನು ಕಷ್ಟ ಅಂತ ಕೇಳುತ್ತಾನೆ. ನೆಲಕ್ಕೆ ಬಿದ್ದ ಸೊಟ್ಟ ಕೋಲನ್ನೂ ಬಡಗಿ ನೇರ ಮಾಡಿ ದೊಡ್ಡವರ ಊರುಗೋಲು ಮಾಡುತ್ತಾನೆ ಅನ್ನುತ್ತಾನೆ. ಮಗ ಬಗ್ಗುವುದಿಲ್ಲ. ಅಮ್ಮನ ತೊಡೆಯ ಮೇಲಿನ ಕೂಸಿಗೆ ಬೇಕಾಗಿರುವುದು ಹಾಲು ಮಾತ್ರ ಅನ್ನುತ್ತಾನೆ. ಮಾತು ಬಂದ ಮೇಲೆ ಅದೇ ಕೂಸು ರೊಟ್ಟಿ ಕೊಡು ಅನ್ನುತ್ತದೆ ಅಂತ ಅಪ್ಪ ಉತ್ತರಿಸುತ್ತಾನೆ.

ಪಠ್ಯ ಅಲ್ಲಿಗೇ ನಿಲ್ಲುತ್ತದೆ. ಮಗ ಒಪ್ಪಿದ ಅಂತ ಎಲ್ಲೂ ಬರೆದಿಲ್ಲ. ಮೂರು ಸಾವಿರ ವರ್ಷಗಳ ಹಿಂದೆ ಯಾರೋ ಒಬ್ಬ ಬರಹಗಾರ, ಕೇಳುವವನಿಗೂ ಒಂದು ದನಿ ಇರಲಿ ಅಂತ ತೀರ್ಮಾನಿಸಿದ್ದು ಸಣ್ಣ ಸಂಗತಿ ಅಲ್ಲ.

ಬೈಬಲಿನ ಜ್ಞಾನೋಕ್ತಿಗಳು ಈಜಿಪ್ಟಿನಿಂದ ಬಂದಿದ್ದು ನಿಜವಾ?

ಒಂದು ಭಾಗದ ಮಟ್ಟಿಗೆ, ಹೌದು ಅನ್ನುವ ವಿದ್ವಾಂಸರೇ ಜಾಸ್ತಿ. 'ಅಮೆನೆಮೊಪೆಯ ಬೋಧನೆ' ಇರುವ ಸುರುಳಿ 1888ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂತು. 1923ರಲ್ಲಿ ಅಚ್ಚಾಯಿತು. ಮರುವರ್ಷವೇ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್, ಜ್ಞಾನೋಕ್ತಿಗಳ 22ನೇ ಅಧ್ಯಾಯದಿಂದ ಶುರುವಾಗುವ ಒಂದು ಭಾಗ ಇದಕ್ಕೆ ಎಷ್ಟು ಹತ್ತಿರ ಇದೆ ಅಂತ ತೋರಿಸಿದ.

ಒಂದನ್ನು ಪಕ್ಕಪಕ್ಕ ಇಟ್ಟು ನೋಡಿ. ಅನ್ಯಾಯದಿಂದ ಗಳಿಸಿದ ಐಶ್ವರ್ಯ ಬಾತುಕೋಳಿಯ ಹಾಗೆ ರೆಕ್ಕೆ ಕಟ್ಟಿಕೊಂಡು ಆಕಾಶಕ್ಕೆ ಹಾರುತ್ತದೆ ಅಂತ ಅಮೆನೆಮೊಪೆ ಹೇಳುತ್ತಾನೆ. ಜ್ಞಾನೋಕ್ತಿಗಳಲ್ಲಿ ಐಶ್ವರ್ಯಕ್ಕೆ ರೆಕ್ಕೆ ಬಂದು ಹದ್ದಿನ ಹಾಗೆ ಆಕಾಶಕ್ಕೆ ಹಾರುತ್ತದೆ. ನೈಲ್ ತೀರದ ಬಾತುಕೋಳಿ ಯೆಹೂದದ ಬೆಟ್ಟಕ್ಕೆ ಬರುವಾಗ ಹದ್ದಾಗಿದೆ. ಸಿಡುಕನ ಸ್ನೇಹ ಬೇಡ, ಗಡಿಕಲ್ಲು ಸರಿಸಬೇಡ, ಬಡವನನ್ನು ದೋಚಬೇಡ ಎಂಬ ಮಾತುಗಳೂ ಎರಡರಲ್ಲಿ ಇವೆ. ಅಮೆನೆಮೊಪೆಯಲ್ಲಿ 30 ಅಧ್ಯಾಯ. ಜ್ಞಾನೋಕ್ತಿಗಳ ಆ ಭಾಗದ ಆರಂಭದಲ್ಲಿ 'ಮೂವತ್ತು' ಮಾತುಗಳ ಉಲ್ಲೇಖ ಇದೆ ಅಂತ ಅನೇಕರು ಓದುತ್ತಾರೆ.

ಇದನ್ನು ಕದ್ದಿದ್ದು ಅನ್ನುವುದು ತಪ್ಪು. ಬುದ್ಧಿಮಾತಿಗೆ ಆ ಕಾಲದಲ್ಲಿ ಒಡೆಯರಿರಲಿಲ್ಲ. ಚೆನ್ನಾಗಿದ್ದರೆ ತಮ್ಮದಾಗಿ ಮಾಡಿಕೊಳ್ಳುತ್ತಿದ್ದರು.

ಒಂದು ಮಾತು ಇನ್ನೊಂದಕ್ಕೆ ವಿರುದ್ಧ ಇರುತ್ತದಲ್ಲ, ಯಾವುದನ್ನು ನಂಬಬೇಕು?

ನಮ್ಮ ಗಾದೆಗಳಲ್ಲೇ ನೋಡಿ. ಮಾತು ಬೆಳ್ಳಿ, ಮೌನ ಬಂಗಾರ. ಮಾತು ಬಲ್ಲವನಿಗೆ ಜಗಳವಿಲ್ಲ. ಒಂದು ಸುಮ್ಮನಿರು ಅನ್ನುತ್ತದೆ, ಇನ್ನೊಂದು ಮಾತು ಕಲಿ ಅನ್ನುತ್ತದೆ. ಜ್ಞಾನೋಕ್ತಿಗಳ 26ನೇ ಅಧ್ಯಾಯದಲ್ಲಂತೂ ಅಕ್ಕಪಕ್ಕದ ಎರಡು ವಚನಗಳೇ ಡಿಕ್ಕಿ ಹೊಡೆಯುತ್ತವೆ. ಮೂಢನಿಗೆ ಅವನ ಮಟ್ಟಕ್ಕೆ ಇಳಿದು ಉತ್ತರ ಕೊಡಬೇಡ, ನೀನೂ ಅವನ ಹಾಗೆ ಆಗುತ್ತೀಯ ಅಂತ 4ನೇ ವಚನ. ಉತ್ತರ ಕೊಡು, ಇಲ್ಲದಿದ್ದರೆ ತಾನೇ ಜಾಣ ಅಂದುಕೊಳ್ಳುತ್ತಾನೆ ಅಂತ 5ನೇ ವಚನ. ಜೋಡಿಸಿದವರಿಗೆ ಇದು ಕಾಣದೆ ಇರಲು ಸಾಧ್ಯವೇ ಇಲ್ಲ. ಬೇಕೆಂದೇ ಜೊತೆಗಿಟ್ಟಿದ್ದಾರೆ.

ಕನ್ಫ್ಯೂಷಿಯಸ್‌ನ ಸಂವಾದಗಳ 11ನೇ ಭಾಗದ ಒಂದು ಪ್ರಸಂಗದಲ್ಲಿ ಇದಕ್ಕೆ ಸರಿಯಾದ ಉತ್ತರ ಇದೆ. ಝಿಲು ಎಂಬ ಶಿಷ್ಯ ಕೇಳುತ್ತಾನೆ: ಒಳ್ಳೆಯದನ್ನು ಕೇಳಿದ ಕೂಡಲೇ ಮಾಡಿಬಿಡಬೇಕಾ? ಅಪ್ಪ, ಅಣ್ಣ ಇದ್ದಾರೆ, ಅವರನ್ನು ಕೇಳದೆ ಹೇಗೆ ಮಾಡುತ್ತೀಯ ಅನ್ನುತ್ತಾನೆ ಗುರು. ರಾನ್ ಯೋ ಎಂಬ ಇನ್ನೊಬ್ಬ ಶಿಷ್ಯ ಅದೇ ಪ್ರಶ್ನೆ ಕೇಳುತ್ತಾನೆ. ಕೂಡಲೇ ಮಾಡು ಅನ್ನುತ್ತಾನೆ ಗುರು. ಎರಡನ್ನೂ ಕೇಳಿಸಿಕೊಂಡ ಮೂರನೆಯವನಿಗೆ ಗೊಂದಲ. ಆಗ ಕನ್ಫ್ಯೂಷಿಯಸ್ ವಿವರಿಸುತ್ತಾನೆ: ರಾನ್ ಯೋ ಹಿಂಜರಿಯುವವನು, ಅದಕ್ಕೆ ಮುಂದೆ ತಳ್ಳಿದೆ. ಝಿಲುವಿಗೆ ಇಬ್ಬರ ಹುಮ್ಮಸ್ಸು, ಅದಕ್ಕೆ ತಡೆದೆ.

ಆದ್ದರಿಂದ ಯಾವುದು ಸರಿ ಅಂತ ಕೇಳುವುದಕ್ಕಿಂತ, ನಾನು ಝಿಲುವಾ, ರಾನ್ ಯೋನಾ ಅಂತ ಕೇಳಿಕೊಳ್ಳಬೇಕು.

ಒಳ್ಳೆಯವರಿಗೆ ಯಾಕೆ ಕಷ್ಟ? ಇದಕ್ಕೆ ಇವರ ಹತ್ತಿರ ಉತ್ತರ ಇದೆಯಾ?

ಪ್ರಾಮಾಣಿಕವಾದ ಪ್ರಯತ್ನ ಇದೆ. ನೀತಿಬೋಧೆ ಸಾಮಾನ್ಯವಾಗಿ ಒಳ್ಳೆಯದು ಮಾಡಿದರೆ ಒಳ್ಳೆಯದಾಗುತ್ತದೆ ಅನ್ನುತ್ತದೆ. ಹಾಗೆ ಆಗದಿದ್ದಾಗ ಏನು ಅನ್ನುವುದನ್ನೂ ಅದೇ ಪರಂಪರೆಗಳು ಬರೆದಿಟ್ಟವು.

ಬ್ಯಾಬಿಲೋನಿನಲ್ಲಿ ದೊಡ್ಡ ಅಧಿಕಾರಿಯೊಬ್ಬ ರಾಜನ ಕೃಪೆ, ಗೆಳೆಯರು, ಆರೋಗ್ಯ ಎಲ್ಲ ಕಳೆದುಕೊಳ್ಳುವ ಕಾವ್ಯ ಇದೆ. ನಮಗೆ ಒಳ್ಳೆಯದಾಗಿ ಕಾಣುವುದು ದೇವರಿಗೆ ತಪ್ಪಾಗಿ ಕಾಣಬಹುದೇನೋ, ದೇವರ ಮನಸ್ಸು ಯಾರಿಗೆ ಗೊತ್ತು ಅನ್ನುತ್ತಾನೆ ಅವನು. ಕೊನೆಗೆ ಮರ್ದುಕ ದೇವರು ಕೈ ಹಿಡಿಯುತ್ತಾನೆ. ಇನ್ನೊಂದು ಕಾವ್ಯದಲ್ಲಿ ಸಂಕಟದಲ್ಲಿರುವವನೂ ಅವನ ಗೆಳೆಯನೂ ವಾದಿಸುತ್ತಾರೆ. 27 ಪದ್ಯ, ಪ್ರತಿಯೊಂದರಲ್ಲಿ 11 ಸಾಲು. ಒಂದು ಪದ್ಯದ ಹನ್ನೊಂದು ಸಾಲೂ ಒಂದೇ ಅಕ್ಷರದಿಂದ ಶುರು. ಆ ಅಕ್ಷರಗಳನ್ನು ಜೋಡಿಸಿದರೆ ಬರೆದವನ ಹೆಸರು ಸಿಗುತ್ತದೆ: ಸಗ್ಗಿಲ್-ಕೀನಮ್-ಉಬ್ಬಿಬ್, ದೇವರನ್ನೂ ರಾಜನನ್ನೂ ಪೂಜಿಸುವ ಮಾಂತ್ರಿಕ. ದೇವರ ನ್ಯಾಯವನ್ನು ಪ್ರಶ್ನಿಸುವ ಕಾವ್ಯದ ಉದ್ದಕ್ಕೂ ತನ್ನ ಭಕ್ತಿಯನ್ನು ಹೆಣೆದಿಟ್ಟಿದ್ದಾನೆ.

ಯೋಬನ ಕಥೆ ಹೆಚ್ಚು ಜನರಿಗೆ ಗೊತ್ತು. ಮಕ್ಕಳು, ಆಸ್ತಿ, ಮೈಯ ಸ್ವಾಸ್ಥ್ಯ ಎಲ್ಲ ಹೋಗುತ್ತದೆ. ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಆಮೇಲೆ ಬಾಯಿ ಬಿಡುತ್ತಾರೆ. ನೀನು ಏನೋ ಪಾಪ ಮಾಡಿರಬೇಕು ಅನ್ನುತ್ತಾರೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ, ಯೋಬನ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಅಂತ ಕೇಳುತ್ತಾನೆ. ಆದರೆ ಗೆಳೆಯರಿಗೆ, ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಅನ್ನುತ್ತಾನೆ. ಶಾಸ್ತ್ರದ ಮಾತನ್ನೇ ಹೇಳಿದವರು ತಪ್ಪು, ಕೂಗಿ ಕೇಳಿದವನು ಸರಿ. ಇದನ್ನು ಪವಿತ್ರ ಗ್ರಂಥದೊಳಗೆ ಉಳಿಸಿಕೊಂಡ ಜನರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಯಜಮಾನ ಮತ್ತು ದಾಸನ ಸಂವಾದ ತಮಾಷೆಗೆ ಬರೆದದ್ದಾ?

ಈ ಬಗ್ಗೆ ಓದುಗರಲ್ಲಿ ಒಮ್ಮತ ಇಲ್ಲ. ಬ್ಯಾಬಿಲೋನಿನ ಈ ಪುಟ್ಟ ಕೃತಿಯಲ್ಲಿ ಯಜಮಾನ ಅರಮನೆಗೆ ಹೋಗುತ್ತೇನೆ ಅನ್ನುತ್ತಾನೆ. ಹೋಗಿ ಸ್ವಾಮಿ, ಒಳ್ಳೆಯದಾಗುತ್ತದೆ ಅನ್ನುತ್ತಾನೆ ದಾಸ. ಬೇಡ, ಹೋಗುವುದಿಲ್ಲ ಅನ್ನುತ್ತಾನೆ ಯಜಮಾನ. ಹೋಗಬೇಡಿ ಸ್ವಾಮಿ ಅಂತ ದಾಸ ಅದಕ್ಕೂ ಕಾರಣ ಕೊಡುತ್ತಾನೆ. ಊಟ, ಬೇಟೆ, ಪ್ರೀತಿ, ಪೂಜೆ, ಸಾಲ ಕೊಡುವುದು, ಊರಿಗೆ ಉಪಕಾರ ಮಾಡುವುದು ಎಲ್ಲಕ್ಕೂ ಹೀಗೇ. ಕೊನೆಗೆ ಹಾಗಾದರೆ ಒಳ್ಳೆಯದು ಯಾವುದು ಅಂತ ಕೇಳಿದರೆ, ಇಬ್ಬರೂ ಸಾಯುವುದೇ ಒಳ್ಳೆಯದು ಅನ್ನುತ್ತಾನೆ ದಾಸ. ನಿನ್ನನ್ನೇ ಮೊದಲು ಕಳಿಸುತ್ತೇನೆ ಅನ್ನುತ್ತಾನೆ ಯಜಮಾನ. ನಾನು ಹೋದ ಮೇಲೆ ನೀವು ಮೂರು ದಿನವೂ ಬದುಕುವುದಿಲ್ಲ ಅನ್ನುತ್ತಾನೆ ದಾಸ.

ನಗು ಬರುವುದು ಸಹಜ. ಆದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಕೇಳಿ ನೋಡಿ. ಇಲ್ಲ ಅನ್ನುವ ಹಕ್ಕಿಲ್ಲದವನಿಂದ ಸಲಹೆ ಕೇಳಿದರೆ ಸಿಗುವುದು ಇಂಥದ್ದೇ. ಕೊನೆಯ ಮಾತು ಮಾತ್ರ ದಾಸನ ಸ್ವಂತದ್ದು.

ಪಂಚತಂತ್ರವನ್ನೂ ಇದರಲ್ಲಿ ಸೇರಿಸಬಹುದಾ?

ಖಂಡಿತ. ಓದು ತಲೆಗೆ ಹತ್ತದ ಮೂವರು ರಾಜಕುಮಾರರಿಗೆ ವಿಷ್ಣುಶರ್ಮ ರಾಜನೀತಿ ಕಲಿಸುವ ಪುಸ್ತಕ ಅದು. ಕಥೆಯೊಳಗೆ ಕಥೆ, ನಡುವೆ ನೀತಿಶ್ಲೋಕ.

ಅದು ಪ್ರಯಾಣ ಮಾಡಿದ ದಾರಿಯೂ ದೊಡ್ಡದು. 6ನೇ ಶತಮಾನದಲ್ಲಿ ಪರ್ಷಿಯಾದ ದೊರೆ ಖುಸ್ರೋನ ಆಸ್ಥಾನದ ವೈದ್ಯ ಬುರ್ಜೋಯ್ ಅದನ್ನು ಅಲ್ಲಿನ ಅಂದಿನ ಭಾಷೆ ಪಹ್ಲವಿಗೆ ತಂದ. 8ನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಅರಬ್ಬಿಗೆ ತಂದ. ಕರಟಕ, ದಮನಕ ಎಂಬ ನರಿಗಳು ಅಲ್ಲಿ ಕಲೀಲ, ದಿಮ್ನ ಆದವು. ಅಲ್ಲಿಂದ ಹೀಬ್ರೂ, ಲ್ಯಾಟಿನ್, ಆಮೇಲೆ ಯುರೋಪಿನ ಭಾಷೆಗಳು. 1570ರಲ್ಲಿ ಇಂಗ್ಲಿಷಿಗೂ ಬಂತು. ಕನ್ನಡಕ್ಕೆ ಇಷ್ಟು ದೂರ ಸುತ್ತಬೇಕಾಗಲಿಲ್ಲ. 11ನೇ ಶತಮಾನದಲ್ಲೇ ಚಾಲುಕ್ಯ ಜಯಸಿಂಹನ ಮಂತ್ರಿ ದುರ್ಗಸಿಂಹ ಬರೆದ. ಅವನು ಆಧಾರವಾಗಿ ಹಿಡಿದದ್ದು ಪಂಚತಂತ್ರದ ಇನ್ನೊಂದು ರೂಪವಾದ ವಸುಭಾಗನ ಪಾಠವನ್ನು.

ಬೇರೆ ಯಾವ ಮಾತುಗಳು ಇಷ್ಟು ದೂರ ಹೋಗಿವೆ?

ಅಹಿಕಾರ್ ಎಂಬ ಅಸ್ಸೀರಿಯಾದ ಮಂತ್ರಿಯ ಕಥೆ. ಸಾಕಿದ ಸೋದರಳಿಯನೇ ಅವನಿಗೆ ದ್ರೋಹ ಮಾಡುತ್ತಾನೆ. ಇದರ ಅರಾಮಿಕ್ ಪ್ರತಿ ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕಿತು. ಕ್ರಿ.ಪೂ. 5ನೇ ಶತಮಾನದ್ದು, ಸುಂಕದ ಹಳೆಯ ಲೆಕ್ಕವನ್ನು ಅಳಿಸಿ ಅದೇ ಹಾಳೆಯ ಮೇಲೆ ಬರೆದದ್ದು. ಮರಳು ಹೊತ್ತೆ, ಉಪ್ಪು ಹೊತ್ತೆ, ಸಾಲಕ್ಕಿಂತ ಭಾರದ್ದು ಇಲ್ಲ ಅನ್ನುವ ಧಾಟಿಯ ಮಾತು ಅದರಲ್ಲಿದೆ. ಸಿರಿಯಾಕ್, ಅರಬ್ಬಿ, ಅರ್ಮೇನಿಯನ್, ಸ್ಲಾವಿಕ್ ಭಾಷೆಗಳಿಗೂ ಇದು ಹೋಯಿತು.

ಇನ್ನೊಂದು, ಅಫ್ಘಾನಿಸ್ತಾನದ ಅಯ್ ಖಾನುಮ್. ಆಮು ದರಿಯಾ ತೀರದ ಈ ಗ್ರೀಕ್ ಪಟ್ಟಣದಲ್ಲಿ 1966ರಲ್ಲಿ ಒಂದು ಕಲ್ಲು ಸಿಕ್ಕಿತು. ಕ್ಲಿಯಾರ್ಕೋಸ್ ಎಂಬುವನು ಗ್ರೀಸಿನ ಡೆಲ್ಫಿಯಲ್ಲಿದ್ದ ನೀತಿವಾಕ್ಯಗಳನ್ನು ಜೋಪಾನವಾಗಿ ನಕಲು ಮಾಡಿಕೊಂಡು ಬಂದು ಇಲ್ಲಿ ನಿಲ್ಲಿಸಿದೆ ಅಂತ ಅದರ ಮೇಲೆ ಬರೆಸಿದ್ದಾನೆ. ಉಳಿದಿರುವುದು ಕೊನೆಯ ಐದು ಮಾತು: ಬಾಲ್ಯದಲ್ಲಿ ಸನ್ನಡತೆ ಇರಲಿ, ಹರೆಯದಲ್ಲಿ ಹಿಡಿತ ಇರಲಿ, ನಡುವಯಸ್ಸಿನಲ್ಲಿ ನ್ಯಾಯ ಇರಲಿ, ಮುಪ್ಪಿನಲ್ಲಿ ವಿವೇಕ ಇರಲಿ, ಸಾಯುವಾಗ ದುಃಖ ಇಲ್ಲದಿರಲಿ. ಇದು ಕ್ರಿ.ಪೂ. 3ನೇ ಶತಮಾನದ ಕೆಲಸ. ಅದೇ ಶತಮಾನದಲ್ಲಿ ಅಶೋಕ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್‌ನಲ್ಲಿ, ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಪ್ರಾಕೃತದಲ್ಲಿ ತಂದೆತಾಯಿಯ ಮಾತು ಕೇಳಿ ಅಂತ ಬಂಡೆಯ ಮೇಲೆ ಕೆತ್ತಿಸುತ್ತಿದ್ದ.

ಬರಹ ಇಲ್ಲದ ಕಡೆ ಇದು ಇರಲಿಲ್ಲವಾ?

ಇತ್ತು, ಈಗಲೂ ಇದೆ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಇಫಾ ಪರಂಪರೆಯಲ್ಲಿ 256 ವಿಭಾಗಗಳ ಪದ್ಯಗಳನ್ನು ಬಾಯಲ್ಲೇ ಉಳಿಸಿಕೊಂಡಿದ್ದಾರೆ. 2005ರಲ್ಲಿ ಯುನೆಸ್ಕೋ ಇದನ್ನು ಗುರುತಿಸಿತು.

ಮೆಕ್ಸಿಕೋದ ನಹುವಾ ಜನರಲ್ಲಿ ಹಿರಿಯರು ಮಕ್ಕಳಿಗೆ ಹೇಳುತ್ತಿದ್ದ ದೀರ್ಘ ಮಾತುಗಳಿದ್ದವು. 16ನೇ ಶತಮಾನದಲ್ಲಿ ಸಹಗೂನ್ ಎಂಬ ಪಾದ್ರಿ, ಅಲ್ಲಿನ ಹಿರಿಯರ ಮತ್ತು ವಿದ್ಯಾರ್ಥಿಗಳ ಜೊತೆ ಕೂತು ಅವರದೇ ಭಾಷೆಯಲ್ಲಿ ಬರೆಸಿಕೊಂಡ. ಅದರಲ್ಲಿ ತಾಯಿ ಮಗಳಿಗೆ ಹೇಳುವ ಮಾತೊಂದಿದೆ: ಈ ಭೂಮಿಯ ಮೇಲೆ ನಾವು ಬೆಟ್ಟದ ಏಣಿನ ಮೇಲೆ ನಡೆಯುತ್ತಿದ್ದೇವೆ, ಈ ಕಡೆಯೂ ಪ್ರಪಾತ, ಆ ಕಡೆಯೂ ಪ್ರಪಾತ, ನಡುವೆ ಮಾತ್ರ ದಾರಿ.

ಪ್ರಾಚೀನ ಕಾಲದ ನಂತರ ಯಾವುದನ್ನು ನೋಡಬಹುದು?

ತುಂಬ ಇದೆ, ಕೆಲವನ್ನು ಮಾತ್ರ ಹೇಳುತ್ತೇನೆ. ಐಸ್‌ಲ್ಯಾಂಡಿನ 13ನೇ ಶತಮಾನದ ಹಸ್ತಪ್ರತಿಯಲ್ಲಿರುವ 'ಹಾವಮಾಲ್', ಮೊಣಕಾಲು ಮರಗಟ್ಟಿ ಬಂದ ಅತಿಥಿಗೆ ಮೊದಲು ಬೆಂಕಿ ಕೊಡು ಅನ್ನುತ್ತದೆ. ದನ ಸಾಯುತ್ತದೆ, ನೆಂಟರು ಸಾಯುತ್ತಾರೆ, ಒಳ್ಳೆಯ ಹೆಸರು ಸಾಯುವುದಿಲ್ಲ ಎಂಬ ಪ್ರಸಿದ್ಧ ಪದ್ಯವೂ ಅಲ್ಲಿನದೇ. ಪರ್ಷಿಯನ್‌ನಲ್ಲಿ ಕೈಕಾವೂಸ್ ಮಗನಿಗೆ ಬರೆದ 44 ಅಧ್ಯಾಯದ 'ಕಾಬೂಸ್‌ನಾಮಾ', ಸಾದಿ 1258ರಲ್ಲಿ ಮುಗಿಸಿದ 'ಗುಲಿಸ್ತಾನ್'. ಸ್ಪೇನಿನ ಗ್ರಾಸಿಯಾನ್ 1647ರಲ್ಲಿ ಪ್ರಕಟಿಸಿದ 300 ಸೂಕ್ತಿಗಳು. ತಮಿಳಿನ ತಿರುಕ್ಕುರಳ್, 133 ಅಧಿಕಾರ ಅಂದರೆ ಅಧ್ಯಾಯ, 1330 ಕುರಳ್ ಅಂದರೆ ಎರಡು ಸಾಲಿನ ಪದ್ಯ. ಕನ್ನಡದಲ್ಲಿ ವಚನಗಳು, ಸೋಮೇಶ್ವರ ಶತಕ, ಸರ್ವಜ್ಞನ ತ್ರಿಪದಿ, 1943ರಲ್ಲಿ ಬಂದ ಡಿ.ವಿ.ಜಿ.ಯವರ ಕಗ್ಗ.

ಕಗ್ಗದಲ್ಲಿ ಬುದ್ಧಿ ಹೇಳುವವನೂ ಕೇಳುವವನೂ ಒಬ್ಬನೇ, ಮಂಕುತಿಮ್ಮ. ಈ ಸಾಹಿತ್ಯದ ಇಡೀ ಚರಿತ್ರೆಯಲ್ಲಿ ಇದೊಂದು ಸುಂದರ ತಿರುವು. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕೂಡ ತನಗೆ ತಾನೇ ಬರೆದುಕೊಂಡ.

ಹೆಸರು ಇರುವವರೇ ನಿಜವಾಗಿ ಬರೆದರಾ?

ಎಷ್ಟೋ ಸಲ ಇಲ್ಲ. ಜ್ಞಾನೋಕ್ತಿಗಳು ಸೊಲೊಮೋನನ ಹೆಸರಿನಲ್ಲಿವೆ, ಆದರೆ 25ನೇ ಅಧ್ಯಾಯದಲ್ಲೇ ಹಿಜ್ಕೀಯ ರಾಜನ ಜನ ಸಂಗ್ರಹಿಸಿದ್ದು ಅಂತ ಇದೆ. ಪ್ತಾಹೊಟೆಪ್‌ನ ಪಠ್ಯದ ಭಾಷೆ ಅವನ ಕಾಲಕ್ಕಿಂತ ಈಚಿನದು. ಸರ್ವಜ್ಞನ ಅಂಕಿತ ಹಾಕಿ ಆಮೇಲೆ ಬರೆದ ಪದ್ಯಗಳೂ ಸೇರಿಕೊಂಡಿವೆ. ಜನ ಮೋಸ ಮಾಡಲು ಹೀಗೆ ಮಾಡಿದರು ಅಂದುಕೊಳ್ಳಬೇಡಿ. ಒಬ್ಬ ಹಿರಿಯನ ಹೆಸರಿನಲ್ಲಿ ಮಾತು ಬೆಳೆಸುವುದು ಆ ಕಾಲದ ಗೌರವದ ರೀತಿ.

ಫೋನಿಗೆ ಬರುವ ಚಾಣಕ್ಯ, ಬುದ್ಧನ ಮಾತುಗಳು?

ಅಧ್ಯಾಯ, ಶ್ಲೋಕ ಸಂಖ್ಯೆ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಇದು ಹಿಂದಿನ ಪ್ರಶ್ನೆಯ ಗೌರವದ ರೀತಿ ಅಲ್ಲ. ನಿಜವಾದ ಮಾತು ಇದರಿಂದ ಮುಚ್ಚಿಹೋಗುತ್ತದೆ. ನಿಮ್ಮ ಬುದ್ಧಿಗೆ ಒಪ್ಪದಿದ್ದರೆ ಏನನ್ನೂ ನಂಬಬೇಡಿ ಅಂತ ಬುದ್ಧ ಹೇಳಿದ ಅನ್ನುವುದು ಎಲ್ಲರಿಗೂ ಬರುತ್ತದೆ. ಕಾಲಾಮ ಸುತ್ತದಲ್ಲಿ ಇರುವುದು ಇನ್ನೂ ಗಟ್ಟಿಯಾದದ್ದು. ಪರಂಪರೆ ಅಂತ, ಗ್ರಂಥದಲ್ಲಿದೆ ಅಂತ ಒಪ್ಪಬೇಡಿ ಅನ್ನುತ್ತಾನೆ ಬುದ್ಧ. ಬರೀ ತರ್ಕಕ್ಕೆ ಸರಿ ಕಂಡಿತು ಅಂತಲೂ ಒಪ್ಪಬೇಡಿ ಅನ್ನುತ್ತಾನೆ. ಅದರಿಂದ ಹಾನಿಯೋ ಹಿತವೋ, ತಿಳಿದವರು ಅದನ್ನು ಹಳಿಯುತ್ತಾರೋ ಮೆಚ್ಚುತ್ತಾರೋ ಅಂತ ನೋಡಿ ತಿಳಿದುಕೊಳ್ಳಿ ಅನ್ನುವುದು ಅಲ್ಲಿಯ ಮಾತು.

ಇವುಗಳಲ್ಲಿ ಒಪ್ಪಲಾಗದ ಮಾತುಗಳೂ ಇವೆಯಲ್ಲ?

ಇವೆ. ಹೆಂಗಸರನ್ನು ಹೀನಾಯವಾಗಿ ಕಾಣುವುದು, ದಾಸರನ್ನು ಹೊಡೆಯುವುದು, ಮಕ್ಕಳ ಮೇಲೆ ಕೋಲು. ಅವನ್ನು ಮುಚ್ಚಿಟ್ಟು ಓದುವುದು ಬೇಡ. ದುವಾ-ಖೇತಿ ಎಂಬ ಈಜಿಪ್ಟಿನವನು ಮಗನನ್ನು ಬರಹಗಾರರ ಶಾಲೆಗೆ ಸೇರಿಸಲು ದೋಣಿಯಲ್ಲಿ ಕರೆದೊಯ್ಯುತ್ತಾ, ಉಳಿದ ಕಸುಬುಗಳನ್ನೆಲ್ಲ ಹಂಗಿಸುತ್ತಾನೆ. ಕಮ್ಮಾರನ ಬೆರಳು ಮೊಸಳೆಯದರ ಹಾಗೆ, ಅಗಸ ಮೊಸಳೆಯ ಪಕ್ಕದಲ್ಲೇ ಬಟ್ಟೆ ಒಗೆಯುತ್ತಾನೆ ಅನ್ನುತ್ತಾನೆ. ಇದು ಬರೆಯುವವರ ಪಕ್ಷಪಾತ. ಕ್ರಿ.ಪೂ. 180ರ ಸುಮಾರಿಗೆ ಜೆರುಸಲೇಮಿನ ಬೆನ್ ಸಿರಾ ಕೂಡ ಇದೇ ರೀತಿ ಕಸುಬುಗಳನ್ನು ಪಟ್ಟಿ ಮಾಡುತ್ತಾನೆ. ಆದರೆ ಇವರಿಲ್ಲದೆ ಊರೇ ಇಲ್ಲ ಅಂತ ಒಪ್ಪುತ್ತಾನೆ. ಕಸುಬಿನವರೇ ಮಾತಾಡಿದ್ದನ್ನು ಕೇಳಬೇಕಾದರೆ ವಚನಕಾರರ ಹತ್ತಿರ ಬರಬೇಕು.

ಎಲ್ಲಿಂದ ಶುರು ಮಾಡಲಿ?

ಗೊತ್ತಿರುವ ಭಾಷೆಯಿಂದ. ಸರ್ವಜ್ಞ ಅಥವಾ ವಚನ ಓದಿ, ಆಮೇಲೆ ಪ್ರಸಂಗಿ, ಆಮೇಲೆ ಮಹಾಭಾರತದ ಯಕ್ಷಪ್ರಶ್ನೆ. ದಿನಾ ಜನ ಸಾಯುವುದನ್ನು ನೋಡುತ್ತಲೇ ಉಳಿದವರು ತಾವು ಶಾಶ್ವತ ಅಂದುಕೊಳ್ಳುತ್ತಾರೆ, ಇದಕ್ಕಿಂತ ಆಶ್ಚರ್ಯ ಯಾವುದು ಅಂತ ಯುಧಿಷ್ಠಿರ ಹೇಳುವುದು ಅಲ್ಲೇ. ಒಂದೇ ಸಲಕ್ಕೆ ಜಾಸ್ತಿ ಓದಬೇಡಿ. ನೂರು ಗಾದೆ ಒಟ್ಟಿಗೆ ಓದಿದರೆ ಒಂದೂ ನಿಲ್ಲುವುದಿಲ್ಲ.

ಮಕ್ಕಳಿಗೆ ಬಾಯಿಪಾಠ ಮಾಡಿಸಬಹುದಾ?

ಮಾಡಿಸಿ, ಚಿಕ್ಕ ವಯಸ್ಸಿನಲ್ಲಿ ಕಲಿತದ್ದು ಮರೆಯುವುದಿಲ್ಲ. ಆದರೆ ಜೊತೆಗೇ ಅನಿ ಮತ್ತು ಖೋನ್ಸುಹೊಟೆಪ್‌ನ ಜಗಳವನ್ನೂ ಹೇಳಿ. ಯಾರ ಮಾತು ಸರಿ ಅಂತ ಮಕ್ಕಳನ್ನೇ ಕೇಳಿ. ಅವರು ಮಗನ ಪಕ್ಷ ವಹಿಸಿದರೆ ಯಾಕೆ ಅಂತ ಕೇಳಿ, ಪೂರ್ತಿ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.